ಥ್ರಿಲ್ಲರ್ ಓಪನಿಂಗ್‌ಗೆ: ಬೆನ್ನ ಹಿಂದೆ ಜಾಗ ಬಿಡಿ
ಥ್ರಿಲ್ಲರ್ ಕಿರುಚಿತ್ರದ ಮೊದಲ ಶಾಟ್‌ನಲ್ಲಿ ಪಾತ್ರವನ್ನು ಫ್ರೇಮಿನ ಒಂದು ಅಂಚಿಗೆ ತಳ್ಳಿ, ಬೆನ್ನ ಹಿಂದೆ ಅರ್ಧ ತೆರೆದ ಬಾಗಿಲು ಕಾಣುವಂತೆ ಖಾಲಿ ಜಾಗ ಬಿಡಿ. ಕ್ಯಾಮೆರಾ ಅಲುಗಾಡಿಸದೆ, ಕಟ್ ಮಾಡದೆ ಹತ್ತು ಹನ್ನೆರಡು ಸೆಕೆಂಡ್ ಹಾಗೇ ಬಿಡಿ. ಪಾತ್ರಕ್ಕೆ ಕಾಣದ ಜಾಗ ನೋಡುವವರಿಗೆ ಕಾಣುತ್ತಿರುತ್ತದೆ, ಹಾಗಾಗಿ ಕಣ್ಣು ಮತ್ತೆ ಮತ್ತೆ ಆ ಬಾಗಿಲಿಗೇ ಹೋಗುತ್ತದೆ. ಅಲ್ಲಿಂದ ಯಾರೂ ಬರಬೇಕಾಗಿಲ್ಲ, ಬರದಿದ್ದರೇ ಒಳ್ಳೆಯದು ಅಂತೀನಿ. ಹಿನ್ನೆಲೆ ಮಾತ್ರ ಮಸುಕಾಗಬಾರದು: ವೈಡ್ ಲೆನ್ಸ್ ಹಾಕಿ, ಅಪರ್ಚರ್ (ಲೆನ್ಸಿನೊಳಗೆ ಬೆಳಕು ಬಿಡುವ ಕಿಂಡಿ) ಎಫ್/8 ಆಸುಪಾಸು ಇಡಿ; ಫೋನಿನಲ್ಲಾದರೆ ಬ್ಲರ್ ಮಾಡುವ ಮೋಡ್ ಆಫ್ ಮಾಡಿ. ಕತ್ತಲು ತೀರಾ ಹೆಚ್ಚಾದರೆ ಚಿಕ್ಕ ಪರದೆಯಲ್ಲಿ ಬಾಗಿಲೇ ಕಾಣದೆ ಬರೀ ಕಪ್ಪು ಗೋಡೆಯಾಗುತ್ತದೆ, ಬಾಗಿಲ ಚೌಕಟ್ಟಿನ ಮೇಲೆ ಒಂದೆಳೆ ಬೆಳಕು ಬೀಳಿಸಿ. ಮೊದಲೇ ಭಯದ ಮ್ಯೂಸಿಕ್ ಹಾಕಿಬಿಟ್ಟರೂ ಇದು ಕೆಲಸ ಮಾಡಲ್ಲ.