ಅಭಿವೃದ್ಧಿ ಅಧ್ಯಯನದ ಸ್ನಾತಕೋತ್ತರ ವಿದ್ಯಾರ್ಥಿಗಳು ಸಂಘ ಕಟ್ಟುವ ಬಗೆ

ಅಭಿವೃದ್ಧಿ ಅಧ್ಯಯನ ವಿಭಾಗಕ್ಕೆ ಅರ್ಥಶಾಸ್ತ್ರ, ಸಮಾಜಶಾಸ್ತ್ರ, ಕೃಷಿ, ಎಂಜಿನಿಯರಿಂಗ್ ಓದಿದವರೆಲ್ಲ ಬಂದು ಸೇರುತ್ತಾರೆ. ಕೆಲವೆಡೆ ಹೊರದೇಶಗಳ ವಿದ್ಯಾರ್ಥಿಗಳೂ ಇರುತ್ತಾರೆ. ಒಂದೇ ತರಗತಿಯಲ್ಲಿ ಕುಳಿತರೂ ಒಬ್ಬರ ಪರಿಭಾಷೆ ಇನ್ನೊಬ್ಬರಿಗೆ ಬೇಗ ಹತ್ತುವುದಿಲ್ಲ, ಕ್ಷೇತ್ರಕಾರ್ಯ ಆರಂಭವಾದ ಮೇಲಂತೂ ಪ್ರತಿಯೊಬ್ಬರೂ ತಾವು ಆರಿಸಿಕೊಂಡ ಊರುಗಳಲ್ಲಿ ಒಂಟಿಯಾಗಿಬಿಡುತ್ತಾರೆ. ಈ ಒಂಟಿತನವನ್ನು ಕಡಿಮೆ ಮಾಡುವುದೇ ಸಂಘದ ಮೊದಲ ಕೆಲಸವೆಂದು ನಾನು ನಂಬಿದ್ದೇನೆ.

ಆರಂಭದಲ್ಲಿ ವಿಭಾಗದ ಮುಖ್ಯಸ್ಥರಿಗೆ ಲಿಖಿತ ಮನವಿ ಕೊಟ್ಟು, ಒಬ್ಬ ಅಧ್ಯಾಪಕರನ್ನು ಸಲಹೆಗಾರರನ್ನಾಗಿ ಒಪ್ಪಿಸಿಕೊಳ್ಳಿ. ಸದಸ್ಯರು ಯಾರು, ಚಂದಾ ಎಷ್ಟು, ಸಭೆಗೆ ಕೋರಂ (ಕನಿಷ್ಠ ಹಾಜರಾತಿ) ಎಷ್ಟು, ಹಣ ತೆಗೆಯಲು ಯಾರಿಬ್ಬರ ಸಹಿ ಬೇಕು ಎಂಬುದನ್ನು ಹೇಳುವ ಎರಡು ಪುಟಗಳ ನಿಯಮಾವಳಿ ಸಾಕು. ಹಳೆಯ ವಿದ್ಯಾರ್ಥಿಗಳನ್ನೂ ಸೇರಿಸಿಕೊಂಡು ಸ್ವತಂತ್ರ ಸಂಸ್ಥೆಯಾಗಬೇಕೆಂದಿದ್ದರೆ ಮಾತ್ರ ಕರ್ನಾಟಕ ಸಂಘಗಳ ನೋಂದಣಿ ಅಧಿನಿಯಮ, 1960ರ ಅಡಿಯಲ್ಲಿ ಕನಿಷ್ಠ ಏಳು ಮಂದಿ ಸೇರಿ ನೋಂದಾಯಿಸಬಹುದು. ಹಣದ ವಿಷಯದಲ್ಲಿ ಒಂದು ಎಚ್ಚರಿಕೆ ಅಗತ್ಯ. ಹೊರದೇಶದ ಸಂಸ್ಥೆಯೊಂದು ವಿಚಾರ ಸಂಕಿರಣಕ್ಕೆ ನೆರವು ಕೊಡಲು ಮುಂದೆ ಬಂದರೆ, ವಿದೇಶಿ ವಂತಿಗೆಯ 2010ರ ಕಾಯ್ದೆಯಂತೆ ನೋಂದಣಿ ಅಥವಾ ಪೂರ್ವಾನುಮತಿ ಇಲ್ಲದೆ ಅದನ್ನು ಪಡೆಯುವಂತಿಲ್ಲ. ಆದ್ದರಿಂದ ಅಂಥ ನೆರವಿನ ಮಾತುಕತೆಯನ್ನು ವಿಶ್ವವಿದ್ಯಾಲಯದ ಕಚೇರಿಗೇ ಬಿಟ್ಟುಕೊಡುವುದು ಕ್ಷೇಮ.

ಸಂಘದ ಜೀವಾಳವೆಂದರೆ ಹದಿನೈದು ದಿನಕ್ಕೊಮ್ಮೆ ನಡೆಯುವ ಕರಡು ಓದು. ಒಬ್ಬ ಸದಸ್ಯರು ತಮ್ಮ ಪ್ರಬಂಧದ ಅಧ್ಯಾಯವನ್ನೋ ಕ್ಷೇತ್ರದ ಟಿಪ್ಪಣಿಯನ್ನೋ ಮೂರು ದಿನ ಮೊದಲೇ ಎಲ್ಲರಿಗೂ ಹಂಚಬೇಕು. ಸಭೆಯಲ್ಲಿ ಅದನ್ನು ಬರೆದವರ ಬದಲು ಬೇರೆ ವಿಷಯ ಓದಿ ಬಂದ ಇನ್ನೊಬ್ಬರು ಪರಿಚಯಿಸಬೇಕು. ತಾನು ಬರೆದದ್ದು ಓದುಗನಿಗೆ ಹೇಗೆ ತಲುಪಿದೆ ಎಂಬುದು ಲೇಖಕರಿಗೆ ಆಗ ಮುಚ್ಚುಮರೆಯಿಲ್ಲದೆ ತಿಳಿಯುತ್ತದೆ. ಚರ್ಚೆ ಕನ್ನಡ, ಇಂಗ್ಲಿಷ್ ಎರಡರಲ್ಲೂ ನಡೆಯಲಿ. ಹಳ್ಳಿಯಲ್ಲಿ ಕನ್ನಡದಲ್ಲಿ ಕೇಳಿಸಿಕೊಂಡ ಮಾತು ಇಂಗ್ಲಿಷ್ ಪ್ರಬಂಧಕ್ಕೆ ಹೋಗುವಾಗ ಏನನ್ನು ಕಳೆದುಕೊಂಡಿತು ಎಂದು ಕೇಳುವವರು ಅಲ್ಲಿರಬೇಕು. ಕನ್ನಡ ಬಾರದ ಸಹಪಾಠಿಗೆ ಅನುವಾದಿಸಿ ಹೇಳುವ ಹೊಣೆಯನ್ನೂ ಯಾರಾದರೊಬ್ಬರು ಹೊರಬೇಕು.

ಮೊದಲ ಸಭೆಗಳಿಗೆ ಎಲ್ಲರೂ ಸೇರಿ ಓದಬಹುದಾದ ವಿಷಯ ಬೇಕಿದ್ದರೆ ಕರ್ನಾಟಕದ ಪ್ರಾದೇಶಿಕ ಅಸಮತೋಲನವನ್ನು ಅಧ್ಯಯನ ಮಾಡಿದ ನಂಜುಂಡಪ್ಪ ಸಮಿತಿಯ 2002ರ ವರದಿಯನ್ನು ಎತ್ತಿಕೊಳ್ಳಿ. ಅಂದಿನ 175 ತಾಲ್ಲೂಕುಗಳ ಪೈಕಿ 114ನ್ನು ಹಿಂದುಳಿದವೆಂದೂ ಅವುಗಳಲ್ಲಿ 39ನ್ನು ಅತ್ಯಂತ ಹಿಂದುಳಿದವೆಂದೂ ಆ ಸಮಿತಿ ಗುರುತಿಸಿತು. ಈ 39ರಲ್ಲಿ 21 ಅಂದಿನ ಗುಲ್ಬರ್ಗಾ (ಈಗಿನ ಕಲಬುರಗಿ) ವಿಭಾಗದವು. ಪ್ರತಿ ಸದಸ್ಯರೂ ತಮ್ಮ ತಾಲ್ಲೂಕು ಯಾವ ಪಟ್ಟಿಯಲ್ಲಿತ್ತು, ಯಾವ ಸೂಚಕಗಳಿಂದಾಗಿ ಅಲ್ಲಿತ್ತು ಎಂಬುದನ್ನು ಹುಡುಕಿ ತರಲಿ. ಹೊರದೇಶದವರು ತಮ್ಮ ನಾಡಿನ ಪ್ರಾದೇಶಿಕ ಅಸಮಾನತೆಯನ್ನು ಇದರ ಪಕ್ಕದಲ್ಲಿಟ್ಟು ಮಾತಾಡಿದರೆ, ಅಂತರರಾಷ್ಟ್ರೀಯ ಅಭಿವೃದ್ಧಿ ಎಂಬ ದೊಡ್ಡ ಪದಕ್ಕೆ ಊರು, ದಾರಿ, ನೀರು, ಶಾಲೆಗಳ ಅರ್ಥ ಬರುತ್ತದೆ.

ಇನ್ನೊಂದು ಕೆಲಸವನ್ನು ಕೈಬಿಡಬಾರದು. ಗಂಟೆಗಟ್ಟಲೆ ಕುಳಿತು ನಮ್ಮ ಪ್ರಶ್ನಾವಳಿಗೆ ಉತ್ತರಿಸಿದವರಿಗೆ ಫಲಿತಾಂಶವನ್ನು ಹಿಂತಿರುಗಿಸುವುದು ಋಣ ತೀರಿಸುವ ಕೆಲಸ. ಪ್ರಬಂಧ ಮುಗಿದ ಪ್ರತಿಯೊಬ್ಬರೂ ಹೆಸರುಗಳನ್ನು ಬಿಟ್ಟು ಎರಡು ಪುಟಗಳ ಕನ್ನಡ ಸಾರಾಂಶ ಬರೆದು, ಸಾಧ್ಯವಾದರೆ ಆ ಊರಿಗೇ ಹೋಗಿ ಓದಿ ಹೇಳುವಂತೆ ಸಂಘ ನೋಡಿಕೊಳ್ಳಲಿ; ಪ್ರಯಾಣದ ಖರ್ಚಿಗೆ ಚಂದಾ ಹಣದಲ್ಲಿ ಒಂದು ಪಾಲನ್ನು ಮೊದಲೇ ತೆಗೆದಿಡಲಿ.

ಪದಾಧಿಕಾರಿಗಳ ಆಯ್ಕೆ ಸರಳವಾಗಿರಲಿ. ಎರಡು ವರ್ಷದ ಕೋರ್ಸಿನಲ್ಲಿ ಕಾರ್ಯದರ್ಶಿ ಕೆಲಸ ಕಲಿಯುವಷ್ಟರಲ್ಲಿ ಹೊರಡುವ ಸಮಯ ಬಂದಿರುತ್ತದೆ. ಹಾಗಾಗಿ ಸಹಕಾರ್ಯದರ್ಶಿಯನ್ನು ಮೊದಲ ವರ್ಷದವರಿಂದಲೂ ಖಜಾಂಚಿಯನ್ನು ಹೆಚ್ಚು ಕಾಲ ವಿಭಾಗದಲ್ಲಿರುವ ಸಂಶೋಧನಾರ್ಥಿಗಳಿಂದಲೂ ಆರಿಸಿ, ಅಂತಿಮ ಪರೀಕ್ಷೆಗೆ ಎರಡು ತಿಂಗಳು ಮೊದಲೇ ನಡಾವಳಿ ಪುಸ್ತಕ, ರಸೀದಿ ಪುಸ್ತಕ, ಜಮಾಖರ್ಚು ಮತ್ತು ಸಾರಾಂಶಗಳ ಕಡತವನ್ನು ಹೊಸಬರ ಕೈಗೆ ಸಹಿ ಪಡೆದು ಒಪ್ಪಿಸಿ.