ಒಂಬತ್ತು ವರ್ಷಗಳ ನಂತರ ಏಳು ಮಿಲಿಮೀಟರ್

ನಾನು ಹೋಗಿದ್ದು ಮೂತ್ರಪಿಂಡದ ಕಲ್ಲಿಗೆ. ಎರಡು ದಿನ ಪ್ರಾಣ ಹಿಂಡಿದ ನೋವು, ಹೊಟ್ಟೆಯ ಸಿ.ಟಿ. ಸ್ಕ್ಯಾನ್. ಕಲ್ಲು ಸಣ್ಣದು, ತಾನಾಗಿಯೇ ಹೋಗುತ್ತದೆ ಎಂದರು, ಹೋಯಿತು ಕೂಡ. ಆದರೆ ವರದಿಯ ಎರಡನೆಯ ಪುಟದ ತಳದಲ್ಲಿ ಇನ್ನೊಂದು ಸಾಲಿತ್ತು: ಬಲ ಶ್ವಾಸಕೋಶದ ಕೆಳಭಾಗದಲ್ಲಿ 7 ಮಿಲಿಮೀಟರಿನ ಗಂಟು, ಹಳೆಯ ಚಿತ್ರಗಳೊಂದಿಗೆ ಹೋಲಿಸುವುದು. ಹೊಟ್ಟೆಯ ಸ್ಕ್ಯಾನಿನಲ್ಲಿ ಶ್ವಾಸಕೋಶದ ತಳವೂ ಸೇರಿಕೊಳ್ಳುತ್ತದೆ ಎಂದು ನನಗೆ ಗೊತ್ತಾದದ್ದೇ ಹೀಗೆ.

ಒಂಬತ್ತು ವರ್ಷಗಳ ಹಿಂದೆ ನನಗೆ ಸ್ತನ ಕ್ಯಾನ್ಸರ್ ಆಗಿತ್ತು. ಶಸ್ತ್ರಚಿಕಿತ್ಸೆ, ಕಿಮೊ, ರೇಡಿಯೇಷನ್, ಆಮೇಲೆ ಐದು ವರ್ಷ ಮಾತ್ರೆ. ಮಾತ್ರೆ ಮುಗಿದ ದಿನ ಮನೆಯವರೆಲ್ಲ ನಿಟ್ಟುಸಿರು ಬಿಟ್ಟರು. ನನ್ನದು ಹಾರ್ಮೋನ್ ಪಾಸಿಟಿವ್ ಬಗೆ, ಎಂದರೆ ದೇಹದ ಹಾರ್ಮೋನಿನ ಬಲದಲ್ಲಿ ಬೆಳೆಯುವಂಥದ್ದು. ಹತ್ತು, ಹದಿನೈದು ವರ್ಷಗಳ ಮೇಲೂ ಮರುಕಳಿಸಬಹುದು ಎಂದು ನನಗೆ ತಿಳಿದಿತ್ತು. ಅವರ ಖುಷಿಗೆ ಕಲ್ಲು ಹಾಕುವುದೇಕೆ ಎಂದು ಸುಮ್ಮನಿದ್ದೆ.

ಆ ರಾತ್ರಿ ಮಾಡಬಾರದ್ದನ್ನೇ ಮಾಡಿದೆ. ಎಲ್ಲರೂ ಮಲಗಿದ ಮೇಲೆ ಮೊಬೈಲ್ ಹಿಡಿದು ಕುಳಿತೆ. ಎದೆಯ ಸ್ಕ್ಯಾನ್ ತಜ್ಞರ ಸಂಘವಾದ ಫ್ಲೈಶ್ನರ್ ಸೊಸೈಟಿಯ 2017ರ ಮಾರ್ಗಸೂಚಿ ಸಿಕ್ಕಿತು: ಇಷ್ಟು ಸಣ್ಣ ಗಂಟುಗಳಲ್ಲಿ ಹೆಚ್ಚಿನವು ನಿರುಪದ್ರವಿ, ಆರರಿಂದ ಹನ್ನೆರಡು ತಿಂಗಳಲ್ಲಿ ಮತ್ತೆ ನೋಡಿದರೆ ಸಾಕು. ಅಬ್ಬಾ ಎನ್ನುವಷ್ಟರಲ್ಲಿ ಮುಂದಿನ ಸಾಲು ಕಣ್ಣಿಗೆ ಬಿತ್ತು. ಕ್ಯಾನ್ಸರ್ ಆದವರಿಗೆ ಇದು ಅನ್ವಯಿಸುವುದಿಲ್ಲ.

ಬೆಳಿಗ್ಗೆ ಮಾಡಿದ್ದು ಮಾತ್ರ ಸರಿಯಾದ ಕೆಲಸ. ಅಟ್ಟದ ಮೇಲಿದ್ದ ಹಳೆಯ ಫೈಲು ಇಳಿಸಿ, ಚಿಕಿತ್ಸೆಯ ಕಾಲದ ಎದೆಯ ಸಿ.ಟಿ.ಯ ಸಿ.ಡಿ. ಹುಡುಕಿದೆ. ಚಿಕಿತ್ಸೆ ಪಡೆದ ಆಸ್ಪತ್ರೆಯಲ್ಲಿ ವರದಿಯ ಪ್ರತಿ ಇತ್ತೇ ಹೊರತು ಚಿತ್ರಗಳಿರಲಿಲ್ಲ. ನನ್ನ ಸಿ.ಡಿ.ಯ ಮೇಲೆ ಬರೆದಿದ್ದ ತಾರೀಖು ಅರ್ಧ ಅಳಿಸಿಹೋಗಿತ್ತು. ಅದನ್ನು ಓದಬಲ್ಲ ಕಂಪ್ಯೂಟರ್ ಹುಡುಕುವುದಕ್ಕೇ ಒಂದು ದಿನ ಹಿಡಿಯಿತು. ಹಳೆಯ ವರದಿಯಲ್ಲಿ ಗಂಟಿನ ಸುದ್ದಿಯೇ ಇರಲಿಲ್ಲ. ಆದರೆ ರೇಡಿಯಾಲಜಿಸ್ಟ್ ಚಿತ್ರವನ್ನೇ ತೆರೆದು ನೋಡಿದಾಗ ಅದೇ ಜಾಗದಲ್ಲಿ, ಒಂದೇ ಒಂದು ಪದರದಲ್ಲಿ, ಮಸುಕಾದ ಚುಕ್ಕೆ ಇತ್ತು. ಸಿ.ಟಿ. ದೇಹವನ್ನು ಪದರ ಪದರವಾಗಿ ತೋರಿಸುತ್ತದೆ; ಆಗಿನ ಪದರಗಳು 5 ಮಿಲಿಮೀಟರ್ ದಪ್ಪ, ಸಣ್ಣ ಗಂಟು ಅವುಗಳಲ್ಲಿ ಸ್ಪಷ್ಟವಾಗಿ ಕಾಣುವುದಿಲ್ಲ. "ಏನೋ ಇತ್ತು ಎನ್ನಬಲ್ಲೆ, ಎಷ್ಟು ದೊಡ್ಡದಿತ್ತು ಎನ್ನಲಾರೆ" ಎಂದರು. ಅರ್ಧ ಉತ್ತರ. ಆದರೂ ವರದಿಯನ್ನಷ್ಟೇ ಇಟ್ಟುಕೊಂಡಿದ್ದರೆ ಅದೂ ಸಿಗುತ್ತಿರಲಿಲ್ಲ.

ಪೆಟ್ ಸ್ಕ್ಯಾನ್ ಮಾಡಿಸೋಣ ಎಂದು ಹಟ ಹಿಡಿದವಳು ನಾನೇ. ವಿಕಿರಣ ಸೂಸುವ ಸಕ್ಕರೆಯನ್ನು ದೇಹಕ್ಕೆ ಚುಚ್ಚಿ, ಅದನ್ನು ಹೆಚ್ಚು ಎಳೆದುಕೊಳ್ಳುವ ಜಾಗಗಳು ಬೆಳಗುವುದನ್ನು ನೋಡುವ ಸ್ಕ್ಯಾನ್ ಅದು. ನನ್ನ ಆಂಕಾಲಜಿಸ್ಟ್ ತಾಳ್ಮೆಯಿಂದ ಬಿಡಿಸಿ ಹೇಳಿದರು. 8 ಮಿಲಿಮೀಟರಿಗಿಂತ ಚಿಕ್ಕ ಗಂಟು ಕ್ಯಾನ್ಸರ್ ಆಗಿದ್ದರೂ ಅದರಲ್ಲಿ ಬೆಳಗದೆ ಇರಬಹುದು. ಶ್ವಾಸಕೋಶದ ತಳವಂತೂ ಉಸಿರಿನೊಂದಿಗೆ ಅಲುಗಾಡುವ ಜಾಗ. ಬೆಳಗಿದರೂ ಕ್ಯಾನ್ಸರೇ ಎನ್ನಲಾಗದು; ಸೋಂಕು, ಉರಿಯೂತ ಇರುವಲ್ಲಿಯೂ ಜೀವಕೋಶಗಳು ಸಕ್ಕರೆ ಎಳೆದುಕೊಳ್ಳುತ್ತವೆ. "ಬೆಳಗದಿದ್ದರೆ ನೀವು ನಂಬುವುದಿಲ್ಲ, ಬೆಳಗಿದರೆ ನಾನು ನಂಬುವುದಿಲ್ಲ" ಎಂದು ನಕ್ಕರು. ಪರೀಕ್ಷೆಗೆ ತುಣುಕು ತೆಗೆಯುವ ಬಯಾಪ್ಸಿಯ ಸೂಜಿ ಅಷ್ಟು ಸಣ್ಣ ಗುರಿಯನ್ನು ಮುಟ್ಟುವುದು ಕಷ್ಟ, ಶ್ವಾಸಕೋಶದಿಂದ ಗಾಳಿ ಸೋರುವ ಅಪಾಯ ಬೇರೆ. ಮೂರು ತಿಂಗಳ ನಂತರ ಎದೆಯ ಸಿ.ಟಿ., ತೆಳು ಪದರಗಳಲ್ಲಿ ಎಂದು ತೀರ್ಮಾನವಾಯಿತು.

ಆ ಮೂರು ತಿಂಗಳು ಪ್ರತಿ ಕೆಮ್ಮೂ ಸಾಕ್ಷಿ ಹೇಳಲು ಬಂದಂತೆ ಇತ್ತು. ಒಂದು ವಾರ ಕೆಮ್ಮಿದ್ದನ್ನು ಪುಸ್ತಕದಲ್ಲಿ ಗೀಟು ಹಾಕಿ ಎಣಿಸಿದೆ. ಏಳು ದಿನಕ್ಕೆ ಹನ್ನೊಂದು ಗೀಟು. ಆರೋಗ್ಯವಂತರು ಎಷ್ಟು ಸಲ ಕೆಮ್ಮುತ್ತಾರೆ ಎಂದು ಗೊತ್ತಿಲ್ಲದೆ ಈ ಲೆಕ್ಕ ಯಾವ ಸುಖಕ್ಕೆ ಎಂದು ನನಗೇ ನಗು ಬಂದು ಪುಸ್ತಕ ಮುಚ್ಚಿದೆ.

ಗಂಡನಿಗೆ ಮೊದಲ ದಿನವೇ ಹೇಳಿದ್ದೆ. ಮಗಳಿಗೆ ಹೇಳಲಿಲ್ಲ, ಅವಳಿಗೆ ಪರೀಕ್ಷೆ ಇತ್ತು. ಅವಳು ಅಟ್ಟದಿಂದ ಇಳಿದಿದ್ದ ಫೈಲು ನೋಡಿ ಮೊದಲ ವಾರವೇ ಊಹಿಸಿ, ನನಗೆ ನೋವಾಗದಿರಲೆಂದು ಏನೂ ತಿಳಿಯದವಳಂತೆ ಓಡಾಡಿಕೊಂಡಿದ್ದಳಂತೆ. ಪರೀಕ್ಷೆ ಮುಗಿದ ಸಂಜೆ ಕೇಳಿದಳು, "ಅಮ್ಮ, ಇನ್ನಾದರೂ ಹೇಳುತ್ತೀಯಾ?" ಒಂದೇ ಮನೆಯಲ್ಲಿ ಇಬ್ಬರೂ ಆರು ವಾರ ಬೇರೆ ಬೇರೆಯಾಗಿ ಹೆದರಿದ್ದೆವು. ಈ ಪ್ರಕರಣದಲ್ಲಿ ನಾನು ನಿಜವಾಗಿ ಪಶ್ಚಾತ್ತಾಪ ಪಡುವುದು ಇದೊಂದಕ್ಕೆ.

ಎರಡನೆಯ ವರದಿಯಲ್ಲಿ 8 ಮಿಲಿಮೀಟರ್ ಎಂದಿತ್ತು. ಕಾರಿಡಾರಿನ ಕುರ್ಚಿಯಲ್ಲಿ ಕುಳಿತಲ್ಲೇ ಕೈ ತಣ್ಣಗಾಯಿತು. ಒಳಗೆ ವೈದ್ಯರು ಎರಡೂ ಚಿತ್ರಗಳನ್ನು ಪಕ್ಕಪಕ್ಕ ಇಟ್ಟು ತಾವೇ ಅಳೆದರು: ಅದೂ 7, ಇದೂ 7. ಅಳೆದವರು ಬೇರೆಯಾದರೆ ಒಂದು ಮಿಲಿಮೀಟರ್ ಅತ್ತಿತ್ತ ಆಗುತ್ತದೆ, ಕನಿಷ್ಠ ಎರಡು ಹೆಚ್ಚಿದರೆ ಬೆಳೆದಿದೆ ಎನ್ನುತ್ತೇವೆ ಎಂದರು. ಇನ್ನು ಆರು ತಿಂಗಳಿಗೆ ಮತ್ತೊಮ್ಮೆ.

ಸಿ.ಡಿ.ಗಳು ಈಗ ಅಟ್ಟದಲ್ಲಿಲ್ಲ. ಚಿತ್ರಗಳನ್ನೆಲ್ಲ ಎರಡು ಪೆನ್ ಡ್ರೈವ್‌ಗಳಿಗೆ ನಕಲು ಮಾಡಿಸಿದ್ದೇನೆ. ಒಂದು ನನ್ನ ಬಳಿ, ಇನ್ನೊಂದು ಮಗಳ ಬಳಿ. ಮುಂದಿನ ತಾರೀಖನ್ನು ಅವಳೇ ತನ್ನ ಮೊಬೈಲಿನಲ್ಲಿ ಗುರುತು ಹಾಕಿಕೊಂಡಳು.