ಹಳೆಯ ನಾಣ್ಯವನ್ನು ವಿಮೆ ಮಾಡಿಸಿ ಅಂಚೆಗೆ ಹಾಕುವ ಬಗೆ

ಚಿಕ್ಕಮಗಳೂರಿನ ಪರಿಚಿತರೊಬ್ಬರು ಅಜ್ಜನ ಪೆಟ್ಟಿಗೆಯಲ್ಲಿ ಸಿಕ್ಕ ನಾಲ್ಕು ಬೆಳ್ಳಿ ರೂಪಾಯಿಗಳನ್ನು ಮಾರಿ, ಶುಲ್ಕ ಉಳಿಯಲೆಂದು ಐನೂರು ರೂಪಾಯಿಗಷ್ಟೇ ವಿಮೆ ಮಾಡಿಸಿ, ತೆಳುವಾದ ಲಕೋಟೆಯಲ್ಲಿ ಕಳುಹಿಸಿದರು. ಅಂಚು ಹರಿದ ಲಕೋಟೆ ಮಾತ್ರ ತಲುಪಿತು. ಐನೂರಕ್ಕಿಂತ ಹೆಚ್ಚು ಕೇಳಲು ಅವರಿಗೆ ಮುಖವೂ ಇರಲಿಲ್ಲ, ಕಾಗದವೂ ಇರಲಿಲ್ಲ.

ಆದ್ದರಿಂದ ಮೊದಲ ಕೆಲಸ ಪ್ಯಾಕಿಂಗ್ ಅಲ್ಲ, ಬೆಲೆಯ ಪುರಾವೆ. ಕಡಿಮೆ ಬರೆಸಿದರೆ ಬರೆಸಿದಷ್ಟೇ ಮಿತಿ. ಹೆಚ್ಚು ಬರೆಸಿದರೂ ವಸ್ತುವಿನ ನಿಜವಾದ ಬೆಲೆಯನ್ನು ಮೀರಿ ಪರಿಹಾರ ಸಿಗದು, ಮೇಲಾಗಿ ಹಾಗೆ ಬರೆಸುವುದು ನಿಯಮಕ್ಕೆ ವಿರುದ್ಧ. ಖರೀದಿದಾರರ ಒಪ್ಪಿಗೆಯ ಪತ್ರ, ಹಣ ಸಂದಾಯವಾದ ದಾಖಲೆ, ಅಥವಾ ಅದೇ ಬಗೆಯ ನಾಣ್ಯದ ಇತ್ತೀಚಿನ ಹರಾಜಿನ ಬೆಲೆ, ಇವುಗಳಲ್ಲಿ ಒಂದಾದರೂ ಕೈಯಲ್ಲಿರಲಿ. ನಂತರ ಪ್ರತಿ ನಾಣ್ಯದ ಎರಡೂ ಮುಖಗಳ ಮತ್ತು ಅಂಚಿನ ಛಾಯಾಚಿತ್ರ ತೆಗೆದು, ತೂಕವನ್ನು ಬರೆದಿಡಿ. ವಿಕ್ಟೋರಿಯಾ ರಾಣಿಯ ರೂಪಾಯಿ ಸುಮಾರು 11.66 ಗ್ರಾಂ ತೂಗಬೇಕು. 1862 ಎಂಬ ಇಸವಿಯ ರೂಪಾಯಿಯನ್ನು ಮುಂದಿನ ಹಲವು ವರ್ಷಗಳೂ ಅದೇ ಇಸವಿಯೊಂದಿಗೆ ಟಂಕಿಸಿದ್ದರಿಂದ, ಅದರಲ್ಲಿನ ಸಣ್ಣ ಚುಕ್ಕಿಗಳ ಸಂಖ್ಯೆ ಮತ್ತು ಸ್ಥಾನವನ್ನು ನೋಡಿ ಸಂಗ್ರಾಹಕರು ಬೆಲೆ ಕಟ್ಟುತ್ತಾರೆ. ಚಿತ್ರದಲ್ಲಿ ಆ ಚುಕ್ಕಿಗಳು ಕಾಣದಿದ್ದರೆ ನಿಮ್ಮದು ಯಾವ ಬಗೆಯ ನಾಣ್ಯವೆಂದು ಸಾಧಿಸುವುದು ಕಷ್ಟ. ನೂರು ವರ್ಷ ದಾಟಿದ ನಾಣ್ಯವನ್ನು ವಿದೇಶಕ್ಕೆ ಕಳುಹಿಸುವ ಯೋಚನೆಯನ್ನೇ ಬಿಡಿ. 1972ರ ಪುರಾತನ ವಸ್ತುಗಳ ಕಾಯ್ದೆ ಅದನ್ನು ತಡೆಯುತ್ತದೆ.

ನಾಣ್ಯಗಳನ್ನು ಒಂದೊಂದಾಗಿ ರಟ್ಟಿನ ಚೌಕ ಹೋಲ್ಡರ್‌ನಲ್ಲಿ ಇಡಿ. ಪೇಟೆಯಲ್ಲಿ ಅಗ್ಗವಾಗಿ ಸಿಗುವ ಮೆತ್ತನೆಯ ಪಿವಿಸಿ ಚೀಲ ನನಗೆ ಆಗದು, ದಿನ ಕಳೆದಂತೆ ಅದು ನಾಣ್ಯದ ಮೇಲೆ ಹಸಿರು ಜಿಗುಟನ್ನು ಬಿಡುತ್ತದೆ. ಮಳೆಗಾಲದಲ್ಲಿ ಮೂಡಿಗೆರೆ, ಸಕಲೇಶಪುರದ ಕಡೆಯವರು ಸಿಲಿಕಾ ಜೆಲ್ ಪುಡಿಕೆಯನ್ನು ಸೇರಿಸಲಿ. ಪೆಟ್ಟಿಗೆಯನ್ನು ಕಿವಿಯ ಬಳಿ ಅಲ್ಲಾಡಿಸಿದಾಗ ಸದ್ದು ಕೇಳಿದರೆ ಬಿಚ್ಚಿ ಮತ್ತೆ ತುಂಬಿ, ಏಕೆಂದರೆ ಒಳಗಿರುವುದು ನಾಣ್ಯವೆಂದು ಆ ಸದ್ದೇ ಸಾರುತ್ತದೆ.

ಹೆಚ್ಚಿನವರು ಎಡವುವುದು ಮೊಹರಿನಲ್ಲಿ. ಗಟ್ಟಿ ಪೆಟ್ಟಿಗೆಯನ್ನು ಬಟ್ಟೆಯಲ್ಲಿ ಹೊಲಿದು, ಪ್ರತಿಯೊಂದು ಹೊಲಿಗೆಯ ಕೊನೆಗೂ ಒಂದೇ ಬಣ್ಣದ ಅರಗು ಹಾಕಿ, ಒಂದೇ ಸ್ವಂತ ಮುದ್ರೆಯನ್ನು ಒತ್ತಬೇಕು. ಕೈಗೆ ಸಿಕ್ಕ ಒಂದು ರೂಪಾಯಿಯನ್ನೇ ಅರಗಿಗೆ ಒತ್ತುವವರನ್ನು ಕಂಡಿದ್ದೇನೆ. ನಾಣ್ಯದಿಂದ ಮೊಹರು ಮಾಡುವುದನ್ನು ಅಂಚೆ ನಿಯಮ ಒಪ್ಪುವುದಿಲ್ಲ, ಬರಿಯ ಗೀಟುಗಳಿರುವ ಮುದ್ರೆಯನ್ನೂ ಒಪ್ಪುವುದಿಲ್ಲ, ಏಕೆಂದರೆ ಎರಡನ್ನೂ ಯಾರು ಬೇಕಾದರೂ ನಕಲು ಮಾಡಬಹುದು. ಹೆಸರಿನ ಅಕ್ಷರಗಳಿರುವ ಹಿತ್ತಾಳೆಯ ಮುದ್ರೆಯೊಂದನ್ನು ಮಾಡಿಸಿಕೊಳ್ಳಿ. ಸೆಲ್ಲೋಟೇಪನ್ನು ಹೊರಗೆ ಎಷ್ಟು ಸುತ್ತಿದರೂ ಅದು ಮೊಹರಾಗದು.

ವಿಮೆಯ ಮೊತ್ತವನ್ನು ಮೇಲ್ಭಾಗದಲ್ಲಿ ಅಂಕಿಯಲ್ಲೂ ಅಕ್ಷರದಲ್ಲೂ ಬರೆಯಿರಿ. ತಿದ್ದಿದ ಬರಹ ನಡೆಯದು. ಆದರೆ ಒಳಗೆ ನಾಣ್ಯವಿದೆ ಎಂದು ಹೊರಗೆ ದೊಡ್ಡದಾಗಿ ಬರೆಯುವ ಅಗತ್ಯವಿಲ್ಲ. ಕೌಂಟರಿನಲ್ಲಿ ಕೇಳಿದರೆ ಮಾತ್ರ ನಿಜ ಹೇಳಿ.

ಹಳ್ಳಿಯ ಶಾಖಾ ಅಂಚೆ ಕಚೇರಿಯಲ್ಲಿ ವಿಮೆಯ ಮಿತಿ ಬಹಳ ಚಿಕ್ಕದಾದ್ದರಿಂದ ಹಾಸನದ ಅಥವಾ ಚಿಕ್ಕಮಗಳೂರಿನ ಪ್ರಧಾನ ಅಂಚೆ ಕಚೇರಿಗೇ ಹೋಗಿ. 2025ರಲ್ಲಿ ರಿಜಿಸ್ಟರ್ಡ್ ಪೋಸ್ಟ್ ಸ್ಪೀಡ್ ಪೋಸ್ಟ್‌ನಲ್ಲಿ ವಿಲೀನವಾಗಿದೆ. ಆದರೂ ಸಂಖ್ಯೆ ಹಾಕಿದ ರಸೀದಿ ಸಿಕ್ಕಿತೆಂದರೆ ವಿಮೆಯೂ ಆಯಿತೆಂದು ನಂಬುವವರು ಕಡಿಮೆಯಾಗಿಲ್ಲ. ವಿಮೆಯನ್ನು ಬೇರೆಯಾಗಿ ಕೇಳಿ, ಮೊತ್ತವೂ ತೂಕವೂ ರಸೀದಿಯಲ್ಲಿ ಇವೆಯೇ ಎಂದು ಕೌಂಟರ್ ಬಿಡುವ ಮೊದಲೇ ನೋಡಿಕೊಳ್ಳಿ. ಖಾಸಗಿ ಕೊರಿಯರ್ ಸುಲಭವೆನ್ನುವವರು ಅದರ ಷರತ್ತುಗಳನ್ನು ಓದಲಿ. ನಾಣ್ಯ, ಬೆಳ್ಳಿ, ಬಂಗಾರಗಳನ್ನು ಹೊರಗಿಟ್ಟ ಷರತ್ತುಗಳು ಅಲ್ಲಿ ಸಾಮಾನ್ಯ.

ಪಡೆಯುವವರಿಗೆ ಮೊದಲೇ ತಿಳಿಸಿ: ಅರಗು ಒಡೆದಿದ್ದರೆ ಅಥವಾ ರಸೀದಿಯ ತೂಕಕ್ಕೂ ಕೈಗೆ ಬಂದ ತೂಕಕ್ಕೂ ವ್ಯತ್ಯಾಸವಿದ್ದರೆ ಸಹಿ ಹಾಕದೆ, ಓಪನ್ ಡೆಲಿವರಿ ಬೇಕೆಂದು ಕೇಳಿ, ಅಂಚೆ ಅಧಿಕಾರಿಯ ಎದುರಿನಲ್ಲೇ ತೆರೆಸಬೇಕು. ಪೆಟ್ಟಿಗೆ, ಬಟ್ಟೆ, ಒಡೆದ ಅರಗಿನ ಚೂರುಗಳನ್ನು ದೂರು ಮುಗಿಯುವವರೆಗೆ ಎಸೆಯಬಾರದು.